ಪಾದದ ಪ್ರಶ್ನಾವಳಿ ಉರ್ದುವಿಗೆ: "ಕಷ್ಟ ಏನಿಲ್ಲ" ಅಂದರೆ ಏನರ್ಥ?

ಕಲಬುರಗಿ ಫಿಸಿಯೋ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ) ಎರಡನೇ ವರ್ಷ ಓದುತ್ತಿದ್ದೇನೆ. ಪಾದ ಮತ್ತು ಕಣಕಾಲಿನ ತೊಂದರೆ ಅಳೆಯುವ ಎಫ್‌ಎಒಎಸ್ ಅನ್ನುವ ಪ್ರಶ್ನಾವಳಿಯನ್ನು ಉರ್ದುವಿಗೆ ತರುವುದು ನನ್ನ ಥೀಸಿಸ್ ಕೆಲಸ. ನಮ್ಮ ಓಪಿಡಿಗೆ ಉರ್ದು ಮನೆಮಾತಿನವರು ತುಂಬಾ ಜನ ಬರುತ್ತಾರೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಬಿಟ್ಟರೆ ಅತಿ ಹೆಚ್ಚು ಜನರ ಮನೆಮಾತು ಉರ್ದುವೇ, ಶೇ 10.83. ಆದರೂ ನಾವು ಇಂಗ್ಲಿಷ್ ಫಾರಂ ಕೈಯಲ್ಲಿ ಹಿಡಿದು, ಬಾಯಲ್ಲಿ ಹಿಂದಿ ಕನ್ನಡ ಬೆರೆಸಿ ಕೇಳುತ್ತೇವೆ. ಒಬ್ಬೊಬ್ಬರು ಒಂದೊಂದು ಥರ ಕೇಳಿ ಬರೆದುಕೊಂಡ ಅಂಕಿಯನ್ನು ನಂಬೋದು ಹೇಗೆ?

ಗೊತ್ತಿಲ್ಲದವರಿಗೆ ಎರಡು ಮಾತು. ಇದು 2001ರಲ್ಲಿ ಸ್ವೀಡನ್‌ನಲ್ಲಿ ಬಂದದ್ದು. ಈವಾ ರೂಸ್ ಮತ್ತು ಜೊತೆಗಾರರು ಕಣಕಾಲಿನ ಲಿಗಮೆಂಟ್ ಆಪರೇಷನ್ ಆದ 213 ಜನರ ಮೇಲೆ ಪರೀಕ್ಷಿಸಿದ್ದರು. ಒಟ್ಟು 42 ಪ್ರಶ್ನೆ. ನೋವು 9, ಬೇರೆ ಲಕ್ಷಣ 7, ದಿನದ ಕೆಲಸ 17, ಆಟ ಓಟ 5, ಬದುಕಿನ ಗುಣಮಟ್ಟ 4. ಪ್ರತಿ ಉತ್ತರಕ್ಕೆ 0ರಿಂದ 4 ಅಂಕ, ಕಷ್ಟ ಇಲ್ಲದಿದ್ದರೆ 0, ವಿಪರೀತ ಇದ್ದರೆ 4. ಕೊನೆಗೆ ಪ್ರತಿ ಭಾಗವನ್ನೂ ಉಲ್ಟಾ ಮಾಡಿ 100ಕ್ಕೆ ತಿರುಗಿಸುತ್ತಾರೆ. 100 ಬಂದರೆ ಏನೂ ತೊಂದರೆ ಇಲ್ಲ, 0 ಬಂದರೆ ಪೂರ್ತಿ ತೊಂದರೆ.

ಈಗ ನನ್ನ ಸಮಸ್ಯೆ. ಇಬ್ಬರು ಬೇರೆ ಬೇರೆ ಅನುವಾದ ಮಾಡಿದ್ದಾರೆ, ಎರಡನ್ನೂ ಕೂಡಿಸಿ ಒಂದು ಮಾಡಿದ್ದೇವೆ, ಮತ್ತೆ ಇಂಗ್ಲಿಷ್‌ಗೆ ತಿರುಗಿಸಿಯೂ ನೋಡಿದ್ದೇವೆ. ಎಲ್ಲ ಸರಿಯಾಗಿತ್ತು. ಮೊನ್ನೆ ರೋಗಿಗಳ ಜೊತೆ ಕೂತು ಓದಿಸಲು ಶುರು ಮಾಡಿದೆ. ಮೂರನೆಯವರು ಅರವತ್ತು ದಾಟಿದ ಒಬ್ಬ ಖಾಲಾ (ಚಿಕ್ಕಮ್ಮ ಅಂತ ಗೌರವದಿಂದ ಕರೆಯುವುದು). ಎರಡು ವರ್ಷದ ಹಿಂದೆ ಬಲಗಾಲಿನ ಕಣಕಾಲು ಮುರಿದಿತ್ತು. ಕೋಲು ಊರಿಕೊಂಡೇ ಬಂದರು. ಮಂಡಿ ಊರಿ ಕೂರಲು ಎಷ್ಟು ಕಷ್ಟ ಅಂತ ಕೇಳಿದೆ. "ಕುಚ್ ನಹೀಂ" ಅಂದರು, ಏನೂ ಇಲ್ಲ ಅಂತ. ಕುಕ್ಕರಗಾಲಲ್ಲಿ ಕೂರಲು? ಅದಕ್ಕೂ ಕುಚ್ ನಹೀಂ. ಓಡಲು, ಹಾರಲು, ಎಲ್ಲಕ್ಕೂ ಅದೇ ಉತ್ತರ. ಪಾದ ಊರಿ ತಿರುಗುವುದಕ್ಕೆ ಮಾತ್ರ ಐದು ಉತ್ತರದ ಮನೆಗಳಲ್ಲಿ (ಚೌಕಗಳಲ್ಲಿ) ನಡುವಿನದಕ್ಕೆ ಗುರುತು ಹಾಕಿದರು. ಐದು ಪ್ರಶ್ನೆಗೆ 20ರಲ್ಲಿ 2 ಅಂಕ. ಅಂದರೆ ಆಟ ಓಟದ ಸ್ಕೋರ್ 90.

ಕೋಲು ಊರುವವರಿಗೆ 90! ಫಾರಂ ಪಕ್ಕಕ್ಕಿಟ್ಟು ಸುಮ್ನೆ ಮಾತಾಡಿಸಿದೆ. ನಮಾಜು ಕುರ್ಚಿ ಮೇಲೆ ಕೂತು ಮಾಡುತ್ತಾರಂತೆ, ಎರಡು ವರ್ಷದಿಂದ. ಮನೆಯಲ್ಲಿ ಕಮೋಡ್ ಹಾಕಿಸಿದ್ದಾರೆ. ಮಂಡಿ ಊರುವುದೂ ಇಲ್ಲ, ಕುಕ್ಕರಗಾಲಲ್ಲಿ ಕೂರುವುದೂ ಇಲ್ಲ. ಮಾಡುವುದೇ ಇಲ್ಲ ಅಂದ ಮೇಲೆ ಕಷ್ಟ ಎಲ್ಲಿಂದ ಬರಬೇಕು! ಕಳೆದ ಒಂದು ವಾರದ್ದು ತಾನೇ ನಾವು ಕೇಳಿದ್ದು. ಅವರು ಹೇಳಿದ್ದು ಸತ್ಯವೇ.

ಅನುವಾದದ ಒಂದು ಪದವೂ ತಪ್ಪಿಲ್ಲ. ಆದರೂ ಉತ್ತರ ತಪ್ಪಾಗಿದೆ. ಇದನ್ನು ಹೇಗೆ ಸರಿ ಮಾಡೋದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಗುಮ್ಮಟದೂರು:

ವಿಜಯಪುರದಿಂದ ಬರೆಯುತ್ತಿದ್ದೇನೆ. ಮನೆಮಾತು ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು, ಕೆಲಸ ಮೇಷ್ಟರದ್ದು. ನಿಮ್ಮ ಖಾಲಾ ನಮ್ಮನೆಯಲ್ಲೂ ಇದ್ದಾರೆ ಅನ್ನಿಸಿತು.

ಮೊದಲು ಭಾಷೆ ಬಗ್ಗೆ ಒಂದು ಮಾತು. ಉರ್ದು ಅಂತ ನೀವು ಬರೆಸಿರುವುದು ಯಾವ ಉರ್ದು? ಲಾಹೋರಿನ ಪುಸ್ತಕದ ಉರ್ದುವೋ, ನಮ್ಮದೋ? ನಾವು "ಬೇಡ" ಅನ್ನಲು "ನಕ್ಕೋ" ಅನ್ನುವವರು. "ಬೇಕು" ಅನ್ನಲು "ಹೋನಾ" ಅನ್ನುತ್ತೇವೆ. ಶಾಲೆಯಲ್ಲಿ ಓದುವಾಗ ಪುಸ್ತಕದ ಉರ್ದು ತಿಳಿಯುತ್ತದೆ, ನಿಜ. ಆದರೆ ಓದುವುದು ಬೇರೆ, ಕಾಲು ನೋಯುವಾಗ ಹೊರಡುವ ಮಾತು ಬೇರೆ.

ಉದಾಹರಣೆಗೆ "ಅಪರೂಪಕ್ಕೆ" ಅನ್ನುವುದಕ್ಕೆ ಏನು ಹಾಕಿದ್ದೀರಿ? "ಶಾಜ್ ಓ ನಾದಿರ್" ಅಂತ ಹಾಕಿದ್ದರೆ ನಮ್ಮ ಅಮ್ಮನಿಗೆ ಖಂಡಿತ ತಿಳಿಯುವುದಿಲ್ಲ. "ಕಭೀ ಕಭಾರ್" ಹಾಕಿದ್ದರೆ ತಿಳಿಯುತ್ತದೆ, ಆದರೆ ಪಕ್ಕದ ಮನೆಯಲ್ಲೇ "ಕಭೀ ಕಭೀ" ಇರುತ್ತದೆ ಅಲ್ವಾ? ಎರಡನ್ನೂ ಜೋರಾಗಿ ಓದಿ ನೋಡಿ, ಕಿವಿಗೆ ಒಂದೇ. ಒಂದಕ್ಕೆ 1 ಅಂಕ, ಇನ್ನೊಂದಕ್ಕೆ 2. "ಬಹುತ್ ಕಮ್" ಅಂತ ಹಾಕಿ ನೋಡಿ. ಚೆಂದ ಇಲ್ಲದಿದ್ದರೂ ಬೇರೆಯಾಗಿ ಕೇಳಿಸುತ್ತದೆ.

"ಪಾಂವ್" ಪದದ ಬಗ್ಗೆಯೂ ಹುಷಾರು. ಬರವಣಿಗೆಯಲ್ಲಿ ಅದು ಪಾದ. ನಮ್ಮಲ್ಲಿ ಪಾಂವ್ ನೋಯುತ್ತದೆ ಅಂದವರು ಮಂಡಿಯನ್ನೂ ತೋರಿಸುತ್ತಾರೆ, ಕೆಲವರು ತೊಡೆವರೆಗೂ ಕೈ ತರುತ್ತಾರೆ. ಟಖ್ನಾ ಅಂದರೆ ಕಣಕಾಲಿನ ಗಿಣ್ಣು, ಆ ಪದ ಹೆಚ್ಚಿನವರಿಗೆ ಗೊತ್ತು. ಚಿಕ್ಕಂದಿನಲ್ಲಿ ವುಜೂ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಕಲಿಸುವಾಗ "ದೋನೋಂ ಪಾಂವ್ ಟಖ್ನೋಂ ಸಮೇತ್ ಧೋನಾ" ಅಂತ ಬಾಯಿಪಾಠ ಮಾಡಿಸುತ್ತಾರೆ. ಗಿಣ್ಣಿನ ಸಮೇತ ಎರಡೂ ಪಾದ ತೊಳೆಯೋದು ಅಂತ. ನಿಮ್ಮ ಪ್ರಶ್ನಾವಳಿಗೆ ಬೇಕಾದ ಜಾಗ ಕರೆಕ್ಟಾಗಿ ಅಷ್ಟೇ. "ಪಾಂವ್ ಯಾ ಟಖ್ನಾ" ಅಂತ ಎರಡೂ ಪದ ಪ್ರತಿ ಪ್ರಶ್ನೆಯಲ್ಲೂ ಇರಲಿ, ಬೇಜಾರಾದರೂ ಪರವಾಗಿಲ್ಲ. ಮೇಲ್ಗಡೆ ಒಂದು ಪಾದದ ಚಿತ್ರ ಹಾಕಿ. ಉರ್ದು ಮಾತಾಡುವವರೆಲ್ಲ ಮುಸ್ಲಿಮರೇ ಆಗಿರಬೇಕು ಅಂತಿಲ್ಲ, ಚಿತ್ರ ಇದ್ದರೆ ಎಲ್ಲರಿಗೂ ಆಯಿತು.

ಅಂಕಿ ಲೆಕ್ಕ:

ಬಯೋಸ್ಟಾಟ್, ಅಂದರೆ ವೈದ್ಯಕೀಯ ಅಂಕಿಅಂಶದ ಕೆಲಸ ಮಾಡುತ್ತೇನೆ. ಇಂಥ ಥೀಸಿಸ್ ಫೈಲುಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಖಾಲಾ ಕಥೆಯಲ್ಲಿ ನೀವು ಗಮನಿಸಬೇಕಾದದ್ದು ಇನ್ನೊಂದಿದೆ.

ಆ ಥರದ ಐವತ್ತು ಜನರನ್ನು ಸೇರಿಸಿದಿರಿ ಅಂದುಕೊಳ್ಳಿ. ಮಂಡಿ ಊರುವುದಕ್ಕೂ ಸೊನ್ನೆ, ಕುಕ್ಕರಗಾಲಿಗೂ ಸೊನ್ನೆ, ಓಟಕ್ಕೂ ಸೊನ್ನೆ. ಇನ್ನೊಂದಿಷ್ಟು ಜನ ಎಲ್ಲಕ್ಕೂ 3, 4 ಕೊಟ್ಟಿರುತ್ತಾರೆ. ಪ್ರಶ್ನೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಂತೆ ಕಾಣುತ್ತದೆ. ಕ್ರಾನ್‌ಬಾಕ್ ಆಲ್ಫಾ, ಅಂದರೆ ಆ ಹೊಂದಾಣಿಕೆ ಅಳೆಯುವ ಅಂಕಿ, ಮೇಲಕ್ಕೆ ಹೋಗುತ್ತದೆ. ವಾರ ಬಿಟ್ಟು ಮತ್ತೆ ಕೇಳಿದರೆ ಖಾಲಾ ಮತ್ತೆ ಕುಚ್ ನಹೀಂ ಅನ್ನುತ್ತಾರೆ, ಎರಡು ಸಲದ ಉತ್ತರ ಎಷ್ಟು ಹೊಂದುತ್ತದೆ ಅಂತ ಹೇಳುವ ಐಸಿಸಿ ಕೂಡ ಚೆನ್ನಾಗಿ ಬರುತ್ತದೆ. ಎರಡೂ ಅಂಕಿ ಹಿಡಿದುಕೊಂಡು ಉರ್ದು ರೂಪ ವಿಶ್ವಾಸಾರ್ಹ ಅಂತ ಬರೆಯುತ್ತೀರಿ. ತಪ್ಪು ಉತ್ತರವೇ ಎರಡು ಸಲ ಬಂದರೂ ಐಸಿಸಿ ಅದನ್ನು ಮೆಚ್ಚಿಕೊಳ್ಳುತ್ತದೆ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಆಲ್ಫಾ 0.9 ಬಂತು ಅಂತ ಖುಷಿಯಿಂದ ಫೋನ್ ಮಾಡುವವರಿಗೆ ರೋಗಿಗಳು ಪ್ರಶ್ನೆಯನ್ನು ಏನಂತ ಅರ್ಥ ಮಾಡಿಕೊಂಡರು ಅಂತ ಕೇಳಿದರೆ ಆ ಕಡೆಯಿಂದ ಸದ್ದೇ ಇರುವುದಿಲ್ಲ.

ದಿನದ ಕೆಲಸದ ಭಾಗದಲ್ಲಿ 17 ಪ್ರಶ್ನೆ ಇವೆ. ಅಷ್ಟು ಪ್ರಶ್ನೆ ಇದ್ದರೆ ಆಲ್ಫಾ ತಾನಾಗಿಯೇ ಏರುತ್ತದೆ. ಟೆರ್ವೀ ಮತ್ತು ಜೊತೆಗಾರರು 2007ರಲ್ಲಿ ಕೊಟ್ಟ ಅಳತೆಯಲ್ಲಿ ಆಲ್ಫಾ 0.70ರಿಂದ 0.95ರ ಒಳಗಿರಬೇಕು. 0.95 ದಾಟಿದರೆ ಒಂದೇ ಮಾತನ್ನು ಹತ್ತು ಥರ ಕೇಳಿದ್ದೀರಿ ಅಂತ ಅನುಮಾನ ಪಡಬೇಕು. ನೂರಕ್ಕೆ 15ಕ್ಕಿಂತ ಜಾಸ್ತಿ ಜನ ತೀರಾ ಮೇಲಿನ ಅಥವಾ ತೀರಾ ಕೆಳಗಿನ ಸ್ಕೋರಿನಲ್ಲಿ ನಿಂತಿದ್ದರೂ ಅಲ್ಲಿ ಏನೋ ಇದೆ ಅಂತ ಅರ್ಥ. ನಿಮ್ಮ ಆಟ ಓಟದ ಭಾಗದಲ್ಲಿ ಅದನ್ನೇ ಮೊದಲು ನೋಡಿ.

ಲಕ್ಷಣದ ಭಾಗದ 4 ಮತ್ತು 5ನೇ ಪ್ರಶ್ನೆಗಳನ್ನೂ ನೋಡಿ. ಪಾದ ಪೂರ್ತಿ ಚಾಚಲು ಆಗುತ್ತದೆಯೇ, ಪೂರ್ತಿ ಮಡಿಸಲು ಆಗುತ್ತದೆಯೇ ಅನ್ನುವವು. ಅಲ್ಲಿ ಮನೆಗಳು ಉಲ್ಟಾ, "ಯಾವಾಗಲೂ" ಮೊದಲು ಬರುತ್ತದೆ. ಅದಕ್ಕೆ ಮುಂಚಿನ ಮೂರಕ್ಕೆ "ಯಾವತ್ತೂ ಇಲ್ಲ" ಮೊದಲು. ಅನುವಾದ ಮಾಡುವವರು ಕಾಪಿ ಪೇಸ್ಟ್ ಮಾಡಿದರೆ ಅಲ್ಲೇ ಮುಗಿಯಿತು.

ಶಾರ್ಜಾ ಸಿಸ್ಟರ್:

ಮಂಗಳೂರಿನವಳು, ಇಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಮೂಳೆ ವಿಭಾಗ. ಕಟ್ಟಡ ಕೆಲಸದಲ್ಲಿ ಏಣಿಯಿಂದ ಬಿದ್ದು ಹಿಮ್ಮಡಿ ಒಡೆದುಕೊಂಡ ಪಾಕಿಸ್ತಾನದ ಹುಡುಗರು ತುಂಬಾ ಬರುತ್ತಾರೆ. ಉರ್ದು ಫಾರಂ ಕೊಟ್ಟುಬಿಟ್ಟರೆ ಆಯಿತು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಒಬ್ಬನ ಮನೆಮಾತು ಪಂಜಾಬಿ, ಒಬ್ಬನದು ಪಶ್ತೋ, ಇನ್ನೊಬ್ಬನದು ಸರಾಯ್ಕಿ. ಪಾಕಿಸ್ತಾನದ 2017ರ ಜನಗಣತಿಯಲ್ಲಿ ಉರ್ದು ಮನೆಮಾತಿನವರು ನೂರಕ್ಕೆ 7 ಚಿಲ್ಲರೆ ಮಾತ್ರ. ಉಳಿದವರಿಗೆ ಅದು ಶಾಲೆಯ, ಟಿವಿಯ, ಆಫೀಸಿನ ಭಾಷೆ. ಹಾಗಾಗಿ ಲಾಹೋರಿನಲ್ಲಿ ಪರೀಕ್ಷೆ ಮಾಡಿದ ಉರ್ದು ಫಾರಂ ಅಂದರೂ ಅದಕ್ಕೆ ಉತ್ತರ ಕೊಟ್ಟವರು ಮನೆಯಲ್ಲಿ ಪಂಜಾಬಿ ಆಡುವವರೇ ಇರಬಹುದು. ಕಲಬುರಗಿಯವರು ಮನೆಯಲ್ಲಿ ದಖನಿ ಆಡುತ್ತಾರೆ. ಎರಡು ಕಡೆಯೂ ಪುಸ್ತಕದ ಉರ್ದು ಒಂದು ಮೆಟ್ಟಿಲು ಮೇಲೆಯೇ ಇರುತ್ತದೆ. ಸರಳ ಮಾಡಿದಷ್ಟೂ ಒಳ್ಳೆಯದು.

ಇನ್ನೊಂದು ಕಣ್ಣಾರೆ ಕಂಡದ್ದು. ಉರ್ದು ಬಲದಿಂದ ಎಡಕ್ಕೆ. ಇಂಗ್ಲಿಷ್ ಫಾರಮ್ಮಿನ ಟೇಬಲ್ ಹಾಗೇ ಇಟ್ಟುಕೊಂಡು ಒಳಗಿನ ಪದ ಮಾತ್ರ ಬದಲಾಯಿಸಿದ ಒಂದು ಹಾಳೆ ನಮ್ಮಲ್ಲಿಗೆ ಬಂದಿತ್ತು. ಪ್ರಶ್ನೆ ಬಲದಿಂದ ಓದಬೇಕು, ಮನೆಗಳು ಎಡದಿಂದ ಶುರು. ಒಬ್ಬ ಹುಡುಗ ಬಲತುದಿಯ ಮೊದಲ ಮನೆಗೇ ಸಾಲಾಗಿ ಟಿಕ್ ಹಾಕುತ್ತಾ ಬಂದ. ಅದು "ವಿಪರೀತ ನೋವು" ಮನೆ. ಅವನ ಕಾಲು ಆಗಲೇ ಮುಕ್ಕಾಲು ವಾಸಿಯಾಗಿತ್ತು. ಸೊನ್ನೆಯಿಂದ ಹತ್ತರ ನೋವಿನ ಗೆರೆ ಇದ್ದರೂ ಹೀಗೇ, ಯಾವ ತುದಿ ಸೊನ್ನೆ ಅಂತ ಬೆರಳಿಟ್ಟು ತೋರಿಸಿ. ಮತ್ತೆ ಅಕ್ಷರ ದೊಡ್ಡದಿರಲಿ. ಉರ್ದು ಬರೆಯುವ ನಸ್ತಾಲೀಖ್ ಶೈಲಿಯ ಅಕ್ಷರ ಒಂದರ ಮೇಲೊಂದು ಇಳಿಜಾರಾಗಿ ಕೂರುತ್ತದೆ, ಸಣ್ಣದು ಮಾಡಿದರೆ ಕನ್ನಡಕ ಇದ್ದವರಿಗೂ ಓದಲಾಗುವುದಿಲ್ಲ.

ಹಿರಿಯ ಗೈಡ್:

ಮೇಲಿನ ಮಾತೆಲ್ಲ ಒಳ್ಳೆಯದೇ. ಆದರೆ ಒಂದು ಎಚ್ಚರಿಕೆ ಹೇಳುತ್ತೇನಮ್ಮಾ. ಖಾಲಾ ಕಥೆ ಕೇಳಿದ ಕೂಡಲೇ "ನಮಾಜಿಗೆ ಕೂರಲು ಎಷ್ಟು ಕಷ್ಟ" ಅಂತ ಹೊಸ ಪ್ರಶ್ನೆ ಸೇರಿಸುವ ಆಸೆ ಬರುತ್ತದೆ. ಸೇರಿಸಬೇಡ. ಐದು ಪ್ರಶ್ನೆ ಆರಾದರೆ ಸ್ಕೋರೇ ಬೇರೆಯಾಗುತ್ತದೆ. ಆಮೇಲೆ ನಿನ್ನ ಅಂಕಿಯನ್ನು ಬೇರೆ ದೇಶದವರ ಅಂಕಿ ಜೊತೆ ಇಟ್ಟು ನೋಡಲಾಗುವುದಿಲ್ಲ. ಅದಕ್ಕೇ ಅಲ್ಲವೇ ಹೊಸದೊಂದು ಬರೆಯುವ ಬದಲು ಇದ್ದದ್ದನ್ನು ಅನುವಾದ ಮಾಡುತ್ತಿರುವುದು?

ಜೊತೆಗೆ ನಮಾಜಿನ ಕೂರುವಿಕೆ ಎಲ್ಲರದ್ದೂ ಒಂದೇ ಅಲ್ಲ. ಮುಸ್ಲಿಮರ ಒಂದು ಪಂಥವಾದ ಹನಫಿ ಪದ್ಧತಿಯಲ್ಲಿ ಗಂಡಸರು ಎಡಪಾದ ಹಾಸಿ ಅದರ ಮೇಲೆ ಕೂತು, ಬಲಪಾದವನ್ನು ಬೆರಳು ಮಡಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಹೆಂಗಸರು ಎರಡೂ ಪಾದ ಬಲಕ್ಕೆ ಚಾಚಿ ಕೂರುತ್ತಾರೆ. ಹೆಬ್ಬೆರಳಿನ ಕೀಲಿಗೆ, ಕಣಕಾಲಿಗೆ ಬೀಳುವ ಭಾರ ಇಬ್ಬರಿಗೂ ಬೇರೆ. ಒಂದೇ ಪ್ರಶ್ನೆ ಇಬ್ಬರಲ್ಲೂ ಬೇರೆ ಬೇರೆ ಅಳೆಯುತ್ತದೆ.

ಬೀಟನ್ ಮತ್ತು ಜೊತೆಗಾರರು 2000ದಲ್ಲಿ ಬರೆದ ಕ್ರಮ ನೋಡು. ಎರಡು ಅನುವಾದ, ಒಗ್ಗೂಡಿಸುವುದು, ಎರಡು ಹಿಮ್ಮರಳಿ ಅನುವಾದ, ತಜ್ಞರ ಸಮಿತಿ, ಆಮೇಲೆ 30ರಿಂದ 40 ಜನರ ಮೇಲೆ ಪ್ರಯೋಗ. ಸಮಿತಿಗೆ ಬದಲಾಯಿಸುವ ಅಧಿಕಾರ ಇದೆ, ಆದರೆ ಅದೇ ಕೆಲಸ ಅದೇ ಕಷ್ಟದ ಇನ್ನೊಂದು ರೂಪಕ್ಕೆ ಮಾತ್ರ. ಸ್ನಾನದ ಟಬ್ ಒಳಗೆ ಇಳಿದು ಹತ್ತುವುದನ್ನು ನಮ್ಮಲ್ಲಿ ಬಚ್ಚಲಿಗೆ ಹೋಗಿ ಬರುವುದು ಅಂತ ಮಾಡಿದರೆ ಕಷ್ಟ ಕಡಿಮೆಯಾಗುತ್ತದೆ. ಟಬ್ಬಿನ ಅಂಚು ಎತ್ತರ, ಕಾಲೆತ್ತಿ ದಾಟಬೇಕು. ಬಚ್ಚಲ ಕಟ್ಟೆ ದಾಟುವುದು ಅಂತ ಬರೆದರೆ ಹತ್ತಿರ ಬರಬಹುದು. ಏನೇ ಬದಲಾಯಿಸಿದರೂ ಮೂಲ ಪ್ರಶ್ನಾವಳಿ ಮಾಡಿದವರಿಗೆ ಬರೆದು ಒಪ್ಪಿಗೆ ತಗೋ.

ಬೀದರ್ ಹುಡುಗಿ:

ಸರ್, ಒಪ್ಪಿದೆ. ಆದರೆ ಖಾಲಾ ಸ್ಕೋರ್ 90 ಬಂದಿದ್ದನ್ನು ಹಾಗೇ ಬಿಡಬೇಕಾ? ನಮ್ಮಮ್ಮನಿಗೆ ಶುಗರ್, ಪಾದದ ತಳ ಜೋಮು. ಆಸ್ಪತ್ರೆಯಲ್ಲಿ ಇಂಥ ಫಾರಂ ಕೊಟ್ಟಾಗ ಅಮ್ಮನಿಗೆ ಉರ್ದು ಓದಲು ಬರುತ್ತದೆ, ಆದರೂ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಕನ್ನಡ ಮೀಡಿಯಂ, ಉರ್ದು ಮಾತಾಡುತ್ತೇನೆ, ಓದಲು ಬರುವುದಿಲ್ಲ! ಕೊನೆಗೆ ಅಣ್ಣ ಬಂದು ತುಂಬಿದ. ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಅಮ್ಮ ರಾತ್ರಿ ಎದ್ದು ಪಾದ ಉಜ್ಜಿಕೊಳ್ಳುವುದು ಪಕ್ಕದಲ್ಲಿ ಮಲಗುವ ನನಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ. "ರಾತ್ರಿ ನೋವು: ಇಲ್ಲ" ಅಂತ ಬರೆದ. ದಯವಿಟ್ಟು ಯಾರು ತುಂಬಿದರು ಅನ್ನುವುದನ್ನೂ ಫಾರಂನಲ್ಲಿ ಬರೆದುಕೊಳ್ಳಿ. ಮತ್ತೆ ನನ್ನಂಥವರಿಗೆ ಕನ್ನಡ ಅಕ್ಷರದಲ್ಲಿ ಉರ್ದು ಬರೆದು ಕೊಟ್ಟರೆ ತುಂಬಾ ಉಪಯೋಗ.

ಅಂಕಿ ಲೆಕ್ಕ:

ಇದು ಮುಖ್ಯ. ರೋಗಿ ತಾನೇ ಓದಿ ತುಂಬಿದ್ದು, ನೀವು ಓದಿ ಹೇಳಿದ್ದು, ಮನೆಯವರು ತುಂಬಿದ್ದು ಅಂತ ಬೇರೆ ಬೇರೆ ಗುರುತು ಇಡಿ. ಮೂರನೆಯದನ್ನು ವಿಶ್ಲೇಷಣೆಗೆ ಸೇರಿಸಲೇಬೇಡಿ.

ಇನ್ನೊಂದು ಪ್ರಶ್ನೆ. ಖಾಲಾ ಕುರ್ಚಿ ಹಿಡಿದದ್ದು ಕಣಕಾಲಿನಿಂದಲೋ, ಮಂಡಿ ನೋವಿನಿಂದಲೋ? ಆ ವಯಸ್ಸಿಗೆ ಎರಡೂ ಇರಬಹುದು. ಎಫ್‌ಎಎಎಂ ಅನ್ನುವ ಇನ್ನೊಂದು ಪ್ರಶ್ನಾವಳಿಯಲ್ಲಿ ಇದಕ್ಕೇ ಒಂದು ದಾರಿ ಇದೆ. ಪಾದ, ಕಣಕಾಲು ಬಿಟ್ಟು ಬೇರೆ ಕಾರಣಕ್ಕೆ ಆ ಕೆಲಸ ಆಗದಿದ್ದರೆ "ಅನ್ವಯಿಸುವುದಿಲ್ಲ" ಅನ್ನುವ ಮನೆಗೆ ಗುರುತು ಹಾಕಬಹುದು. ಎಫ್‌ಎಒಎಸ್‌ನಲ್ಲಿ ಆ ಮನೆ ಇಲ್ಲ. ಹಾಗಾಗಿ ನೀವು ಬಾಯಲ್ಲಿ ಕೇಳಿಯೇ ತಿಳಿಯಬೇಕು.

ತುಂಗಭದ್ರೆ:

ಸ್ವಲ್ಪ ಆಚೆ ಹೋಗುತ್ತಿದ್ದೇನೆ, ಕ್ಷಮಿಸಿ. ಕನ್ನಡಕ್ಕೆ ಮಾಡುವವರೂ ಇದನ್ನು ಓದಬೇಕು. "ಕಾಲು" ಅಂದರೆ ನಮಗೂ ತೊಡೆಯಿಂದ ಬೆರಳವರೆಗೆ ಎಲ್ಲವೂ. "ಕಾಲು ಉಳುಕಿತು" ಅಂದರೆ ಕಣಕಾಲು, "ಕಾಲು ಮುರಿಯಿತು" ಅಂದರೆ ಮೊಣಕಾಲ ಕೆಳಗಿನ ಮೂಳೆ, "ಕಾಲು ತೊಳ್ಕೋ" ಅಂದರೆ ಪಾದ. ಪಾಂವ್ ಕಥೆ ಓದಿ ಅದೇ ನೆನಪಾಯಿತು.

ಕಲಬುರಗಿ ಫಿಸಿಯೋ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಆಯಿತು, ಏನೇನು ಮಾಡಿದೆ ಅಂತ ಹೇಳುತ್ತೇನೆ.

ಪ್ರಶ್ನೆಗಳನ್ನು ಮುಟ್ಟಿಲ್ಲ. ಆಟ ಓಟದ ಭಾಗದ ಮೇಲಿರುವ ಸೂಚನೆಗೆ ಒಂದೇ ಸಾಲು ಸೇರಿಸಿ ನೋಡಿದೆ. ಈ ವಾರ ಆ ಕೆಲಸ ಮಾಡದೇ ಇದ್ದರೆ, ಮಾಡಿದ್ದರೆ ನಿಮ್ಮ ಪಾದ ಅಥವಾ ಟಖ್ನಾ ಎಷ್ಟು ಕಷ್ಟ ಕೊಡುತ್ತಿತ್ತು ಅಂತ ಯೋಚಿಸಿ ಹೇಳಿ, ಅಂತ. ಇದನ್ನು ಮೂಲದವರಿಗೆ ಬರೆದು ಕಳಿಸಿದ್ದೇನೆ. ಉತ್ತರ ಬರುವವರೆಗೆ ಇದು ಪ್ರಯೋಗ ಮಾತ್ರ. ನಮಾಜು, ಆಲ್ತಿ ಪಾಲ್ತಿ (ಚಕ್ಕಳಮಕ್ಕಳ) ಹಾಕಿ ನೆಲದ ಮೇಲೆ ಕೂರುವುದು, ಇವೆರಡನ್ನು ಕೊನೆಯ ಹಾಳೆಯಲ್ಲಿ ಬೇರೆಯಾಗಿ ಕೇಳುತ್ತಿದ್ದೇನೆ. ಅವಕ್ಕೆ ಅಂಕ ಇಲ್ಲ. ಕುರ್ಚಿ ಯಾವಾಗಿನಿಂದ, ಯಾಕೆ ಅಂತಲೂ ಬರೆದುಕೊಳ್ಳುತ್ತೇನೆ.

ಖಾಲಾ ನಿನ್ನೆ ಬಂದಿದ್ದರು. ಮೊದಲು ಕುರ್ಚಿ ವಿಷಯ ಕೇಳಿದೆ. ಮಂಡಿ ಚೆನ್ನಾಗಿಯೇ ಇದೆಯಂತೆ, ಪ್ಲಾಸ್ಟರ್ ಬಿಚ್ಚಿದ ದಿನದಿಂದ ಪಾದ ಹಿಂದಕ್ಕೆ ಮಡಿಯುವುದಿಲ್ಲ, ಅದಕ್ಕೇ ಕುರ್ಚಿ. ಆಮೇಲೆ ಹೊಸ ಸಾಲು ಓದಿ ಮಂಡಿ ಊರುವ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದರು. "ಬೈಠೀ ತೋ ಉಠಾನೇಕೂ ದೋ ಜನಾಂ ಹೋನಾ" ಅಂದರು. ಕೂತರೆ ಎಬ್ಬಿಸಲು ಇಬ್ಬರು ಬೇಕು ಅಂತ. ಪೆನ್ ತೆಗೆದುಕೊಂಡು ಕೊನೆಯ ಮನೆಗೆ ತಾವೇ ಗುರುತು ಹಾಕಿದರು. ಕುಕ್ಕರಗಾಲಿಗೂ ಕೊನೆಯ ಮನೆ. ತಿರುಗುವುದಕ್ಕೆ ಹಳೆಯ ಉತ್ತರವೇ, 2. ಓಡುವುದು, ಹಾರುವುದು ಎರಡನ್ನೂ ಬಿಟ್ಟರು. ಈ ವಯಸ್ಸಿಗೆ ಅದನ್ನು ಕಾಲಿನ ಮೇಲೆ ಹೇಳಿದರೆ ಸುಳ್ಳಾಗುತ್ತದೆ ಅಂದರು. ಎರಡು ಬಿಟ್ಟರೆ ಉಳಿದವುಗಳ ಸರಾಸರಿ ಹಾಕಲು ಕೈಪಿಡಿಯಲ್ಲಿ ಅವಕಾಶ ಇದೆ. 4, 4, 2ರ ಸರಾಸರಿ 3.33. ಸ್ಕೋರ್ 17.

ಅದೇ ಕಾಲು, ಅದೇ ಖಾಲಾ. 90 ಇದ್ದದ್ದು 17.

ಅಂಕಿ ಲೆಕ್ಕ:

ಈ ಎರಡೂ ಫಾರಂ ಎಸೆಯಬೇಡಿ. ಥೀಸಿಸ್‌ನಲ್ಲಿ ಹಾಗೇ ಹಾಕಿ, ಹೆಸರು ಮುಚ್ಚಿ.

ಹಿರಿಯ ಗೈಡ್:

ನಾನೂ ಅದನ್ನೇ ಹೇಳುತ್ತೇನೆ. ಒಂದು ತಿದ್ದುಪಡಿ ಮಾತ್ರ. 17 ಅನ್ನುವುದೇ ಸರಿಯಾದ ಅಂಕಿ ಅಂತ ಈಗಲೇ ಬರೆಯಬೇಡ. ಮಾಡದ ಕೆಲಸವನ್ನು ಊಹಿಸಿ ಹೇಳುವಾಗ ಜನ ಹೆದರಿಕೆಯಿಂದ ಜಾಸ್ತಿ ಹೇಳುವುದೂ ಉಂಟು. ಆಗುವವರಿಗೆ, ಬಾರ್ ಹಿಡಿಸಿ, ನೀನು ಪಕ್ಕದಲ್ಲಿ ನಿಂತು ಒಂದು ಸಲ ಮಾಡಿಸಿ ನೋಡು. ಬಾಯಲ್ಲಿ ಹೇಳಿದ್ದೂ ಕಾಲು ಮಾಡಿದ್ದೂ ಎಷ್ಟು ಹತ್ತಿರ ಇವೆ ಅಂತ ತಿಳಿಯುತ್ತದೆ.

ಕಲಬುರಗಿ ಫಿಸಿಯೋ:

ಮಾಡುತ್ತೇನೆ ಸರ್. ಸೋಮವಾರದಿಂದಲೇ ಶುರು ಮಾಡುತ್ತೇನೆ.

ಗುಮ್ಮಟದೂರಿನ ಅಣ್ಣಾ, "ಬಹುತ್ ಕಮ್" ಹಾಕಿದೆ, ಇಲ್ಲಿಯವರೆಗೆ ಒಬ್ಬರೂ ಗೊಂದಲ ಆಯಿತು ಅನ್ನಲಿಲ್ಲ. ಈಗ ಕಾಲುಚೀಲದ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಹಾಕಿಕೊಳ್ಳಲು ಒಂದು, ಬಿಚ್ಚಲು ಒಂದು, ಎರಡು ಪ್ರಶ್ನೆ ಇವೆ. ನಮ್ಮಲ್ಲಿ ಬರುವ ಹೆಂಗಸರು ಬಹಳಷ್ಟು ಜನ ಚಪ್ಪಲಿ ಹಾಕುವವರು, ಕಾಲುಚೀಲವೇ ಇಲ್ಲ. ಸಲ್ವಾರ್ ಹಾಕುವುದು ಅಂತ ಬದಲಾಯಿಸಬಹುದಾ?

ಗುಮ್ಮಟದೂರು:

ಬೇಡ ಅನ್ನಿಸುತ್ತದೆ. ಸಲ್ವಾರ್ ಹಾಕುವಾಗ ಒಂಟಿ ಕಾಲ ಮೇಲೆ ನಿಲ್ಲಬೇಕು, ಕಾಲುಚೀಲಕ್ಕೆ ಕೂತು ಪಾದದವರೆಗೆ ಬಗ್ಗಬೇಕು. ಎರಡೂ ಬೇರೆ ಕೆಲಸ. ನಮ್ಮಮ್ಮ ಚಳಿಗಾಲದಲ್ಲಿ ಮೋಜಾ ಹಾಕುತ್ತಾರೆ, ಇವತ್ತು ಸಂಜೆ ಕೇಳಿ ಹೇಳುತ್ತೇನೆ.